ದಿನಾ ಓಡಿಸೋಕೆ ಯಾವುದು: ಮಾಡಿಫೈ ಮಾಡಿದ ಸ್ಪೋರ್ಟ್ಸ್ ಕಾರಾ, ಹಾಟ್ ಹ್ಯಾಚಾ, ಇಲ್ಲಾ ಎರಡು ಕಾರಾ?

ಕಾರ್ ಹುಚ್ಚಿರೋ ನಾಲ್ಕು ಜನ ಒಂದು ಕಡೆ ಸೇರಿದ್ರೆ ಮಾತು ಎಲ್ಲೇ ಶುರುವಾಗ್ಲಿ, ಕೊನೆಗೆ ದಿನಾ ಓಡಿಸೋಕೆ ಏನು ತಗೊಳ್ಳೋದು ಅನ್ನೋದಕ್ಕೆ ಬಂದೇ ಬರತ್ತೆ. ಒಬ್ರು ಟೊಯೋಟಾ ಸುಪ್ರಾ ಅಂತಾರೆ, ಇನ್ನೊಬ್ರು ಮಾಜ್ದಾ ಆರ್‌ಎಕ್ಸ್-7 ಬಿಟ್ರೆ ಬೇರೆ ಕಾರೇ ಇಲ್ಲ ಅಂತಾರೆ, ಮೂರನೆಯವ್ರು ಸುಮ್ನೆ ಒಂದು ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಥರದ ಹಾಟ್ ಹ್ಯಾಚ್ (ಮಾಮೂಲಿ ಹ್ಯಾಚ್‌ಬ್ಯಾಕ್‌ಗೆ ಜೋರು ಎಂಜಿನ್ ಹಾಕಿರೋದು) ತಗೊಂಡು ರೀಮ್ಯಾಪ್ (ಎಂಜಿನ್ ಸಾಫ್ಟ್‌ವೇರ್ ಬದಲಾವಣೆ) ಮಾಡಿಸ್ಕೋ ಅಂತಾರೆ, ಅಲ್ಲಿಂದ ಹಾರ್ಸ್‌ಪವರ್ ಲೆಕ್ಕದ ಜಗಳ ಶುರು. ನನ್ನ ಪ್ರಕಾರ ಹಾರ್ಸ್‌ಪವರ್‌ನಿಂದ ಶುರು ಮಾಡಿದ್ರೆ ಉತ್ತರ ಸಿಗೋದೇ ಇಲ್ಲ. ಡೈಲಿ ಕಾರನ್ನ ಅದರ ಕೆಟ್ಟ ಗಂಟೆಯಲ್ಲಿ ಅಳೀಬೇಕು, ಅಂದ್ರೆ ಬೆಳಿಗ್ಗೆ ತಣ್ಣಗಿರೋ ಎಂಜಿನ್, ಮಳೆ, ತೆವಳೋ ಟ್ರಾಫಿಕ್, ಪಾರ್ಕಿಂಗ್‌ನ ಕಡಿದಾದ ರಾಂಪ್, ಹಿಂದಿನ ಸೀಟಲ್ಲಿ ಯಾರೋ, ಡಿಕ್ಕಿಯಲ್ಲಿ ಸಾಮಾನು, ನಿಮಗೆ ನಿದ್ದೆ ಸಾಲದೆ ತಲೆನೋವು. ಆ ಹೊತ್ತಲ್ಲೂ ಯಾವ ಕಾರು ನಿಮಗೆ ಕಿರಿಕಿರಿ ಮಾಡಲ್ವೋ ಅದೇ ಡೈಲಿ. ಖಾಲಿ ರೋಡಲ್ಲಿ ಹತ್ತು ನಿಮಿಷ ಎಲ್ಲಾ ಕಾರೂ ಚೆನ್ನಾಗೇ ಇರತ್ತೆ.

ಈ ಅಳತೆ ಇಟ್ಕೊಂಡು ಒಂದೊಂದೇ ನೋಡೋಣ.

ದೊಡ್ಡ ಟರ್ಬೋ ಹಾಕಿದ ಹಳೇ ಜಪಾನಿ ಕಾರುಗಳು

ಮೊದಲು ಸುಪ್ರಾ. 1993ರಲ್ಲಿ ಬಂದ ಎ80 ತಲೆಮಾರಿನ 2ಜೆಝಡ್-ಜಿಟಿಇ ಎಂಜಿನ್ ಬಗ್ಗೆ ಜನ ಹೇಳೋದೆಲ್ಲಾ ಬಹುಪಾಲು ನಿಜ, 3.0 ಲೀಟರ್ ಇನ್‌ಲೈನ್ ಆರು ಸಿಲಿಂಡರ್, ಬೀಡುಕಬ್ಬಿಣದ ಬ್ಲಾಕ್, ಒಳಗಿನ ಭಾಗ ಮುಟ್ಟದೇನೇ ಕಂಪನಿ ಕೊಟ್ಟ ಪವರ್‌ಗೆ ಎರಡರಷ್ಟು ತಡ್ಕೊಳ್ಳತ್ತೆ. ಆದ್ರೆ ಬ್ಲಾಕ್ ತಡ್ಕೊಂಡ್ರೆ ಕಾರು ತಡ್ಕೊಂಡ ಹಾಗಲ್ಲ. ಪವರ್ ಹೆಚ್ಚಿಸಿದ ಮೇಲೆ ಫ್ಯುಯಲ್ ಪಂಪು, ಇಂಜೆಕ್ಟರು, ಕ್ಲಚ್ಚು, ಕೂಲಿಂಗ್, ಡಿಫರೆನ್ಷಿಯಲ್ಲು ಅಂತ ಒಂದರ ಹಿಂದೆ ಒಂದು ಸರದಿಯಲ್ಲಿ ನಿಲ್ಲತ್ತೆ. ಇನ್ನೊಂದು ವಿಷಯ ತುಂಬಾ ಜನ ಯೋಚನೆ ಮಾಡಲ್ಲ: ಟೊಯೋಟಾ ಅದಕ್ಕೆ ಕೊಟ್ಟಿದ್ದು ಸೀಕ್ವೆನ್ಷಿಯಲ್ ಟ್ವಿನ್ ಟರ್ಬೋ, ಅಂದ್ರೆ ಕಡಿಮೆ ಆರ್‌ಪಿಎಂನಲ್ಲಿ ಒಂದೇ ಟರ್ಬೋ ಕೆಲಸ ಮಾಡತ್ತೆ, ಸುಮಾರು 4000 ಹತ್ರ ಎರಡನೇದು ಸೇರ್ಕೊಳ್ಳತ್ತೆ. ನಿಧಾನಕ್ಕೆ ಓಡಿಸುವಾಗ ಎಂಜಿನ್ ಸತ್ತ ಹಾಗೆ ಅನಿಸಬಾರ್ದು ಅಂತಾನೇ ಆ ವ್ಯವಸ್ಥೆ. ಮಾಡಿಫೈ ಮಾಡೋರು ಮೊದಲು ಕಿತ್ತು ಹಾಕೋದೂ ಅದನ್ನೇ, ಒಂದೇ ದೊಡ್ಡ ಟರ್ಬೋ ಕೂರಿಸ್ತಾರೆ. ಆಮೇಲೆ ಬೂಸ್ಟ್ (ಟರ್ಬೋ ಎಂಜಿನ್‌ಗೆ ಒತ್ತಿ ತುಂಬೋ ಗಾಳಿ) ತಡವಾಗಿ ಬರತ್ತೆ, ಬಂದಾಗ ಒಟ್ಟಿಗೇ ಬರತ್ತೆ. ದಿನಾ ಓಡಿಸುವಾಗ ನಾವು ಇರೋದು 1500ರಿಂದ 3000 ಆರ್‌ಪಿಎಂ ಒಳಗೆ. ಅಲ್ಲಿ ಈಗ ಆ ಕಾರು ಸ್ಟಾಕ್ (ಕಂಪನಿ ಕೊಟ್ಟ ಹಾಗೇ) ಇದ್ದಿದ್ದಕ್ಕಿಂತ ಮಂದ. ಡೈನೋ ಶೀಟ್‌ನಲ್ಲಿ (ಎಂಜಿನ್ ಪವರ್ ಅಳೆದು ಕೊಡೋ ಚೀಟಿ) ಮೇಲಿರೋ ದೊಡ್ಡ ನಂಬರ್ ನೋಡ್ಬೇಡಿ, 2500 ಆರ್‌ಪಿಎಂನಲ್ಲಿ ಟಾರ್ಕ್ (ಎಳೆಯೋ ಬಲ) ಎಷ್ಟಿದೆ ನೋಡಿ, ಡೈಲಿಗೆ ಬೇಕಾಗಿರೋದು ಆ ನಂಬರ್.

ಆರ್‌ಎಕ್ಸ್-7 ಎಫ್‌ಡಿ ನನಗೆ ನೋಡೋಕೆ ಎಲ್ಲಕ್ಕಿಂತ ಇಷ್ಟವಾದ ಕಾರು, ಆ ಬಾಡಿ ಗೆರೆ ಇವತ್ತಿಗೂ ಹಳೇದು ಅನಿಸಲ್ಲ. ಆದ್ರೂ ಡೈಲಿಗೆ ಬೇಡ ಅಂತ ನೇರವಾಗೇ ಹೇಳ್ತೀನಿ. 13ಬಿ ರೋಟರಿ ಎಂಜಿನ್‌ಗೆ 1.3 ಲೀಟರ್, ಎರಡು ರೋಟರು, ಪಿಸ್ಟನ್ನೇ ಇಲ್ಲ. ರೋಟರ್ ತುದಿಯಲ್ಲಿರೋ ಅಪೆಕ್ಸ್ ಸೀಲುಗಳಿಗೆ ಎಣ್ಣೆ ಸಿಗ್ಲಿ ಅಂತ ಎಂಜಿನ್ ಬೇಕಂತಾನೇ ಸ್ವಲ್ಪ ಸ್ವಲ್ಪ ಆಯಿಲ್ ಸುಡತ್ತೆ, ಹಾಗಾಗಿ ಆಗಾಗ ಡಿಪ್‌ಸ್ಟಿಕ್ ನೋಡಿ ಟಾಪ್ ಅಪ್ ಮಾಡೋದು ರಿಪೇರಿಯಲ್ಲ, ಅದರ ದಿನಚರಿ. ನಾಕ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಲ್ಲಿ ಸಿಡಿಯೋದು) ಒಂದು ಸಲ ಜೋರಾಗಿ ಆದ್ರೂ ಸೀಲ್ ಮುರೀಬಹುದು, ಪಿಸ್ಟನ್ ಎಂಜಿನ್ ಕ್ಷಮಿಸೋ ತಪ್ಪನ್ನ ಇದು ಕ್ಷಮಿಸಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ತಣ್ಣಗಿರೋ ಎಂಜಿನ್ ಸ್ಟಾರ್ಟ್ ಮಾಡಿ ಕಾರನ್ನ ಹತ್ತಡಿ ಹಿಂದೆ ತೆಗೆದು ತಕ್ಷಣ ಆಫ್ ಮಾಡಿದ್ರೆ ಪೆಟ್ರೋಲ್ ಒಳಗೇ ನಿಂತು ಮುಂದಿನ ಸಲ ಸ್ಟಾರ್ಟೇ ಆಗ್ದೇ ಹೋಗಬಹುದು, ಫ್ಲಡ್ ಆಗೋದು ಅಂತಾರಲ್ಲ ಅದು. ಡೈಲಿ ಕಾರನ್ನ ಯಾರಿಗೋ ದಾರಿ ಬಿಡೋಕೆ ಹತ್ತಡಿ ಸರಿಸೋ ಪ್ರಸಂಗ ಬರದೇ ಇರತ್ತಾ ನೀವೇ ಹೇಳಿ.

ನಿಸಾನ್ ಸ್ಕೈಲೈನ್ ಜಿಟಿ-ಆರ್ ವಿಷಯ ಬೇರೆ ಥರ. ಅದರ ಆರ್‌ಬಿ26 ಗಟ್ಟಿ ಎಂಜಿನ್ನೇ, ಆದ್ರೆ ಆರ್34 ತಲೆಮಾರಿನ ತಯಾರಿಕೆ ನಿಂತಿದ್ದು 2002ರಲ್ಲಿ, ಇವತ್ತು ಅದೊಂದು ಸಂಗ್ರಹದ ವಸ್ತು ಆಗ್ಬಿಟ್ಟಿದೆ, ಅದನ್ನ ಎಲ್ಲೋ ರೋಡ್ ಬದಿ ನಿಲ್ಲಿಸಿ ಮನಸ್ಸು ಹಗುರ ಮಾಡ್ಕೊಂಡು ಇರೋಕೆ ಆಗಲ್ಲ. ಪಾರ್ಟ್ಸ್ ವಿಷಯದಲ್ಲಿ ಒಂದು ಒಳ್ಳೆ ಸುದ್ದಿ ಅಂದ್ರೆ ನಿಸಾನ್‌ನವರದ್ದೇ ನಿಸ್ಮೋ ಹೆರಿಟೇಜ್ ಅಂತ ಹಳೇ ಜಿಟಿ-ಆರ್ ಭಾಗಗಳನ್ನ ಮತ್ತೆ ಮಾಡೋ ಯೋಜನೆ ಇದೆ, ಟೊಯೋಟಾದವರೂ ಜಿಆರ್ ಹೆರಿಟೇಜ್ ಹೆಸರಲ್ಲಿ ಎ70, ಎ80 ಸುಪ್ರಾಗೆ ಕೆಲವು ಭಾಗ ಮಾಡ್ತಾರೆ. ಆದ್ರೆ ಎಲ್ಲಾ ಭಾಗನೂ ಪಟ್ಟಿಯಲ್ಲಿರಲ್ಲ, ಒಂದು ಸೆನ್ಸರ್‌ಗೋ ಒಂದು ಟ್ರಿಮ್ ತುಂಡಿಗೋ ವಾರಗಟ್ಲೆ ಕಾಯೋದು ಮಾಮೂಲು, ಡೈಲಿ ಕಾರು ವಾರಗಟ್ಲೆ ನಿಂತ್ರೆ ಕೆಲಸಕ್ಕೆ ಹೋಗೋದು ಹೇಗೆ.

ಮಿತ್ಸುಬಿಷಿ ಲ್ಯಾನ್ಸರ್ ಎವೋ ಮತ್ತು ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ಈ ಗುಂಪಲ್ಲಿ ಡೈಲಿಗೆ ಹತ್ರ ಬರೋ ಕಾರುಗಳು. ನಾಲ್ಕು ಬಾಗಿಲು, ನಿಜವಾದ ಹಿಂದಿನ ಸೀಟು, ಆಲ್ ವೀಲ್ ಡ್ರೈವ್, ಮಳೆಯಲ್ಲಿ ಧೈರ್ಯ. ಎವೋ 9ರ ತನಕ ಇದ್ದ 4ಜಿ63 ಕಬ್ಬಿಣದ ಬ್ಲಾಕ್, ಎವೋ 10ರಲ್ಲಿ ಅಲ್ಯುಮಿನಿಯಂನ 4ಬಿ11 ಬಂತು. ಎಸ್‌ಟಿಐನ 2.5 ಲೀಟರ್ ಇಜೆ257ಗೆ ಪಿಸ್ಟನ್‌ನ ರಿಂಗ್‌ಲ್ಯಾಂಡ್ (ರಿಂಗ್ ಕೂರೋ ಅಂಚು) ಒಡೆಯೋ ಹೆಸರು ಗಟ್ಟಿಯಾಗೇ ಇದೆ, ಅದರಲ್ಲೂ ಅರೆಬರೆ ಟ್ಯೂನ್ ಮಾಡಿದ್ರೆ. ಸ್ಟಾಕ್ ಅಥವಾ ಸ್ಟಾಕ್‌ಗೆ ಹತ್ರ ಇರೋದು ಸಿಕ್ಕಿದ್ರೆ ಯೋಚನೆ ಮಾಡಿ, ಎಂಜಿನ್ ಬಿಚ್ಚಿ ಪೂರ್ತಿ ಬಿಲ್ಡ್ ಮಾಡಿರೋದಾದ್ರೆ ಅದನ್ನ ಬಿಟ್ಟು ಮುಂದಕ್ಕೆ ಹೋಗಿ.

ಎಂಜಿನ್ ಅಲ್ಲದ ಮಾಡಿಫಿಕೇಷನ್ನೇ ದಿನಾ ಕಾಡೋದು

ಜನ ಪವರ್ ಬಗ್ಗೆ ಹೆದರ್ತಾರೆ, ಆದ್ರೆ ಆರು ತಿಂಗಳಲ್ಲಿ ಕಾರು ಮಾರೋ ಹಾಗೆ ಮಾಡೋದು ಬಹುಪಾಲು ಬೇರೆ ಸಾಮಾನುಗಳು.

ಕಾರಿನ ಎತ್ತರ ತಗ್ಗಿಸೋದನ್ನೇ ತಗೊಳ್ಳಿ. ಮ್ಯಾಕ್‌ಫರ್ಸನ್ ಸ್ಟ್ರಟ್ ಅನ್ನೋ ಥರದ ಸಸ್ಪೆನ್ಷನ್ ಇರೋ ಕಾರನ್ನ ಸಿಕ್ಕಾಪಟ್ಟೆ ಇಳಿಸಿದ್ರೆ ಕೆಳಗಿನ ಕಂಟ್ರೋಲ್ ಆರ್ಮ್ ಹೊರಗಡೆ ತುದಿ ಮೇಲೆ ಬರೋ ಹಾಗೆ ವಾಲ್ಕೊಳ್ಳತ್ತೆ, ಆಗ ರೋಲ್ ಸೆಂಟರ್ (ತಿರುವಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲತ್ತೋ ಅದು) ಅನ್ನೋದು ಕಾರಿನ ತೂಕದ ಕೇಂದ್ರಕ್ಕಿಂತ ಜಾಸ್ತಿ ಕೆಳಗೆ ಇಳಿಯತ್ತೆ, ಅಂದ್ರೆ ಕಾರು ನೋಡೋಕೆ ರೇಸ್ ಕಾರು, ತಿರುವಲ್ಲಿ ವಾಲೋ ಒತ್ತಡ ಮಾತ್ರ ಮೊದಲಿಗಿಂತ ಜಾಸ್ತಿ. ಅದನ್ನ ತಡೆಯೋಕೆ ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕ್ತಾರೆ, ಸಸ್ಪೆನ್ಷನ್‌ಗೆ ಆಡೋಕೆ ಜಾಗಾನೇ ಉಳಿಯಲ್ಲ, ಪ್ರತಿ ಗುಂಡಿಗೂ ಬಂಪ್ ಸ್ಟಾಪ್ (ಕೊನೆಯಲ್ಲಿ ತಡೆಯೋ ರಬ್ಬರ್) ಮೇಲೆ ಕೂರತ್ತೆ. ಡೈಲಿಯಲ್ಲಿ 20ರಿಂದ 25 ಮಿಲಿಮೀಟರ್ ದಾಟಬೇಡಿ, ಇಳಿಸಲೇಬೇಕು ಅಂದ್ರೆ. ಸ್ಪ್ರಿಂಗ್ ಮಾತ್ರ ಬದಲಿಸಿ ಹಳೇ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಹಾಗೇ ಬಿಡೋದಕ್ಕಿಂತ ಒಳ್ಳೆ ಡ್ಯಾಂಪರ್ ಹಾಕಿ ಸ್ಟಾಕ್ ಎತ್ತರದಲ್ಲೇ ಇರೋದು ಸಾವಿರ ಪಾಲು ವಾಸಿ.

ಕ್ಲಚ್ ಇನ್ನೊಂದು. ಹೆಚ್ಚು ಪವರ್ ಹಿಡಿಯೋ ಪಕ್ ಕ್ಲಚ್ಚು ಆನ್ ಆಫ್ ಸ್ವಿಚ್ ಥರ ಹಿಡಿಯತ್ತೆ, ಅದರ ಜೊತೆ ಹಗುರ ಸಿಂಗಲ್ ಮಾಸ್ ಫ್ಲೈವೀಲ್ (ಎಂಜಿನ್ ಜೊತೆ ತಿರುಗೋ ಚಕ್ರ) ಇದ್ರೆ ನ್ಯೂಟ್ರಲ್‌ನಲ್ಲಿ ಗೇರ್‌ಬಾಕ್ಸ್ ಲೊಟಲೊಟ ಅನ್ನತ್ತೆ, ಟ್ರಾಫಿಕ್‌ನಲ್ಲಿ ಪದೇ ಪದೇ ಆಫ್ ಆಗತ್ತೆ. ಕಂಪನಿಯವರು ಭಾರದ ಡ್ಯುಯಲ್ ಮಾಸ್ ಫ್ಲೈವೀಲ್ ಹಾಕೋದು ಆ ನಡುಕ ನುಂಗೋಕೆ. ಪಾಲಿಯುರೆಥೇನ್ ಬುಷ್, ಸಾಲಿಡ್ ಎಂಜಿನ್ ಮೌಂಟ್ ಕೂಡ ಅದೇ ಕಥೆ, ರಬ್ಬರ್ ನುಂಗ್ತಿದ್ದ ಕಂಪನ ಎಲ್ಲಾ ಸೀಟಿಗೆ ಬರತ್ತೆ. ಎಕ್ಸಾಸ್ಟ್ ಸದ್ದು ಮೊದಲ ವಾರ ಖುಷಿ ಕೊಡತ್ತೆ, ಆದ್ರೆ ಹೈವೇಯಲ್ಲಿ 2000ದಿಂದ 3000 ಆರ್‌ಪಿಎಂ ನಡುವೆ ಒಂದೇ ಸಮ ಗುಂಯ್ ಅನ್ನೋ ಡ್ರೋನ್ ಇದ್ರೆ ಎರಡು ಗಂಟೆ ಪ್ರಯಾಣ ಆದ್ಮೇಲೆ ತಲೆ ಬೇರೆ ಥರ ಆಗಿರತ್ತೆ. ಟೆಸ್ಟ್ ಡ್ರೈವ್‌ನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತೋದಕ್ಕಿಂತ ಟಾಪ್ ಗೇರಲ್ಲಿ ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಹೋಗಿ ನೋಡಿ.

ಟ್ರ್ಯಾಕ್ ಬ್ರೇಕ್ ಪ್ಯಾಡ್ ಬಿಸಿಯಾದ ಮೇಲೆ ಅದ್ಭುತ, ತಣ್ಣಗಿದ್ದಾಗ ಹಿಡಿಯೋದು ಕಡಿಮೆ, ಕೀಚು ಸದ್ದು ಬೇರೆ. ಬೆಳಿಗ್ಗೆ ಮನೆಯಿಂದ ಹೊರಟ ಎರಡನೇ ನಿಮಿಷಕ್ಕೆ ಯಾರಾದ್ರೂ ಅಡ್ಡ ಬಂದ್ರೆ ಬೇಕಾಗಿರೋದು ತಣ್ಣಗಿದ್ದಾಗ ಹಿಡಿಯೋ ಪ್ಯಾಡು. ಸೆಮಿ ಸ್ಲಿಕ್ ಟೈರುಗಳೂ (ಗೆರೆ ಕಡಿಮೆ ಇರೋ ರೇಸ್ ಥರದವು) ಹಾಗೇ, ನೀರು ನಿಂತ ರೋಡಲ್ಲಿ ತೇಲಿಬಿಡತ್ತೆ.

ಇದೊಂದು ಮಾತ್ರ ದಯವಿಟ್ಟು ಕೇಳಿ: ರೋಲ್ ಕೇಜ್ (ಒಳಗೆ ಕೂರಿಸೋ ಕಬ್ಬಿಣದ ಪೈಪಿನ ಚೌಕಟ್ಟು) ಇರೋ ಕಾರನ್ನ ಡೈಲಿ ಮಾಡ್ಕೋಬೇಡಿ. ಕೇಜ್ ಇರೋದು ಹೆಲ್ಮೆಟ್ ಹಾಕಿ, ಬಕೆಟ್ ಸೀಟಲ್ಲಿ ಹಾರ್ನೆಸ್ ಕಟ್ಕೊಂಡು ಕೂತೋರಿಗೆ. ಹೆಲ್ಮೆಟ್ ಇಲ್ಲದೆ ಮಾಮೂಲಿ ಸೀಟ್ ಬೆಲ್ಟಲ್ಲಿ ಕೂತಾಗ ಸಣ್ಣ ಅಪಘಾತದಲ್ಲೂ ತಲೆ ಹೋಗಿ ಆ ಕಬ್ಬಿಣಕ್ಕೆ ಹೊಡೆಯತ್ತೆ. ಏರ್‌ಬ್ಯಾಗ್ ಕಿತ್ತು ಸಣ್ಣ ಸ್ಟೀರಿಂಗ್ ಹಾಕಿರೋ ಕಾರಿಗೂ ನನ್ನ ಉತ್ತರ ಅದೇ.

ಹಗುರ ಹಿಂಬದಿ ಡ್ರೈವ್: ಎಂಎಕ್ಸ್-5, ಜಿಆರ್86, ಎಸ್2000

ಒಬ್ಬರೇ ಅಥವಾ ಇಬ್ಬರೇ ಓಡಾಡೋದು ಅಂದ್ರೆ ನನ್ನ ಮೊದಲ ಆಯ್ಕೆ ಮಾಜ್ದಾ ಎಂಎಕ್ಸ್-5, ಇದರಲ್ಲಿ ನನಗೆ ಅನುಮಾನಾನೇ ಇಲ್ಲ. 1989ರಿಂದ ಇದೆ, 2016ರಲ್ಲೇ ಹತ್ತು ಲಕ್ಷದ ಕಾರು ಫ್ಯಾಕ್ಟರಿಯಿಂದ ಹೊರಗೆ ಬಂತು, ಅಷ್ಟು ಕಾರಿದ್ದಾಗ ಪಾರ್ಟ್ಸು, ಗೊತ್ತಿರೋ ಮೆಕ್ಯಾನಿಕ್ಕು, ಗೊತ್ತಿರೋ ತೊಂದರೆ ಎಲ್ಲಾ ಸಿಗತ್ತೆ. ತೂಕ ಸುಮಾರು ಒಂದು ಟನ್ ಅಷ್ಟೇ, ಹಾಗಾಗಿ ಟೈರು, ಬ್ರೇಕು, ಪೆಟ್ರೋಲು ಎಲ್ಲಾ ನಿಧಾನಕ್ಕೆ ಖರ್ಚಾಗತ್ತೆ. ಮಾಮೂಲಿ ವೇಗದಲ್ಲೇ ಖುಷಿ ಕೊಡತ್ತೆ ಅನ್ನೋದು ಅದರ ದೊಡ್ಡ ಗುಣ, 500 ಹಾರ್ಸ್‌ಪವರ್ ಕಾರಲ್ಲಿ ಖುಷಿ ಶುರುವಾಗೋ ಹೊತ್ತಿಗೆ ಸ್ಪೀಡ್ ಲಿಮಿಟ್ ದಾಟಿರತ್ತೆ, ಇದರಲ್ಲಿ ಒಂದು ಸಾಧಾರಣ ತಿರುವು ಸಾಕು. ಎತ್ತರ ಇರೋರು ಕೂತು ನೋಡದೇ ತಗೋಬೇಡಿ, ಸಾಮಾನಿಗೆ ಜಾಗ ಒಂದೆರಡು ಬ್ಯಾಗಷ್ಟೇ, ಹಳೇ ಕಾರಾದ್ರೆ ಸಿಲ್ (ಬಾಗಿಲ ಕೆಳಗಿನ ಪಟ್ಟಿ) ಮತ್ತೆ ಹಿಂದಿನ ಚಕ್ರದ ಮೇಲ್ಭಾಗ ತುಕ್ಕಿಗೆ ನೋಡಿ.

ಸ್ವಲ್ಪ ಜಾಗ ಬೇಕು ಅಂದ್ರೆ ಟೊಯೋಟಾ ಜಿಟಿ86 ಮತ್ತು ಸುಬಾರು ಬಿಆರ್‌ಝಡ್, ಎರಡೂ ಒಂದೇ ಕಾರು. ಇಲ್ಲಿ ಹಳೇದು ಹೊಸದರ ವ್ಯತ್ಯಾಸ ದೊಡ್ಡದು. 2012ರಲ್ಲಿ ಬಂದ 2.0 ಲೀಟರ್ ಕಾರಿಗೆ 205 ನ್ಯೂಟನ್ ಮೀಟರ್ ಟಾರ್ಕು, ಅದೂ 6400 ಆರ್‌ಪಿಎಂ ಮೇಲೆ, ನಡುವೆ 4000 ಹತ್ರ ಟಾರ್ಕ್ ಕುಸಿಯೋ ಒಂದು ಗುಂಡಿ ಬೇರೆ, ಓವರ್‌ಟೇಕ್ ಮಾಡುವಾಗ ಸರಿಯಾಗಿ ಅಲ್ಲೇ ಸಿಗ್ತೀರಿ. ಅದರ ಮುಂದಿನ ತಲೆಮಾರು, 2021ರ ಜಿಆರ್86ನಲ್ಲಿ 2.4 ಲೀಟರ್, 250 ನ್ಯೂಟನ್ ಮೀಟರ್, 3700 ಆರ್‌ಪಿಎಂಗೇ ಪೂರ್ತಿ ಸಿಗತ್ತೆ. ಕಾಗದದ ಮೇಲೆ 45 ಜಾಸ್ತಿ ಅಷ್ಟೇ, ದಿನಾ ಓಡಿಸೋರಿಗೆ ಮಾತ್ರ ಬೇರೆ ಕಾರೇ. ಹಿಂದಿನ ಸೀಟು ಮನುಷ್ಯರಿಗಲ್ಲ, ಆದ್ರೆ ಮಡಚಿದ್ರೆ ನಾಲ್ಕು ಟೈರು ಹಿಡಿಯತ್ತೆ.

ಹೋಂಡಾ ಎಸ್2000 ಬಗ್ಗೆ ಬೇಗ ಹೇಳಿಬಿಡ್ತೀನಿ. 9000 ಆರ್‌ಪಿಎಂ ತನಕ ಹೋಗೋ ಎಂಜಿನ್, ವಿಟೆಕ್ (ಮೇಲಿನ ಆರ್‌ಪಿಎಂಗೆ ವಾಲ್ವ್ ಹೆಚ್ಚು ತೆರೆಯೋ ವ್ಯವಸ್ಥೆ) ಏಳೋದು ಸುಮಾರು 6000 ಹತ್ರ, ಗೇರ್ ಬದಲಿಸೋ ಅನುಭವ ಇವತ್ತಿಗೂ ಬೇರೆಲ್ಲೂ ಸಿಗಲ್ಲ. ಟ್ರಾಫಿಕ್‌ನಲ್ಲಿ ಆ 6000 ಎಲ್ಲಿ ಸಿಗತ್ತೆ? 2009ಕ್ಕೆ ನಿಂತುಹೋದ ಕಾರು, ವಾರಾಂತ್ಯಕ್ಕೆ ಇಟ್ಕೊಳ್ಳಿ.

ಹಾಟ್ ಹ್ಯಾಚ್

ಮನೆಗೆ ಒಂದೇ ಕಾರು, ಹಿಂದೆ ಮಕ್ಕಳೋ ಅಪ್ಪ ಅಮ್ಮನೋ ಕೂರ್ತಾರೆ ಅಂದ್ರೆ ಸುತ್ತಿ ಬಳಸಿ ಇಲ್ಲಿಗೇ ಬರ್ತೀರಿ.

ಗಾಲ್ಫ್ ಜಿಟಿಐ 1976ರಿಂದ ಇದೇ ಕೆಲಸ ಮಾಡ್ಕೊಂಡು ಬಂದಿದೆ. ಏಳನೇ ತಲೆಮಾರಿನ 2.0 ಟರ್ಬೋ ಇಎ888 ಎಂಜಿನ್ ಬರೀ ಸಾಫ್ಟ್‌ವೇರ್ ಬದಲಿಸಿದ್ರೆ 220, 230 ಹಾರ್ಸ್‌ಪವರ್‌ನಿಂದ ಸುಮಾರು 300ರ ಹತ್ರ ಹೋಗತ್ತೆ, ಕಡಿಮೆ ಆರ್‌ಪಿಎಂ ಹಾಳಾಗಲ್ಲ, ಇನ್ನೂ ಚೆನ್ನಾಗಾಗತ್ತೆ. ಡೈಲಿಗೆ ಹೊಂದೋ ಪವರ್ ಮಾಡಿಫಿಕೇಷನ್ ಅಂದ್ರೆ ಇದೊಂದೇ ಥರದ್ದು ಅಂತ ನನ್ನ ನಂಬಿಕೆ. ಅದರ ತೊಂದರೆಗಳೂ ಗೊತ್ತಿರೋವೇ: ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಹೌಸಿಂಗ್ ಸೋರೋದು, ಡೈರೆಕ್ಟ್ ಇಂಜೆಕ್ಷನ್ ಮಾತ್ರ ಇರೋ ಮಾದರಿಗಳಲ್ಲಿ ಇನ್‌ಟೇಕ್ ವಾಲ್ವ್ ಮೇಲೆ ಕಾರ್ಬನ್ ಕೂರೋದು. ಆರು ಗೇರಿನ ವೆಟ್ ಕ್ಲಚ್ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಆದ್ರೆ ಸುಮಾರು 60,000 ಕಿಲೋಮೀಟರ್‌ಗೊಮ್ಮೆ ಗೇರ್‌ಬಾಕ್ಸ್ ಆಯಿಲ್ ಬದಲಿಸಿರೋ ಬಿಲ್ ಕೇಳಿ.

ಹೋಂಡಾ ಸಿವಿಕ್ ಟೈಪ್ ಆರ್ ಇನ್ನೂ ಒಂದು ಮೆಟ್ಟಿಲು ಮೇಲೆ. 2017ರ ಎಫ್‌ಕೆ8 ಫ್ರಂಟ್ ವೀಲ್ ಡ್ರೈವ್ ಕಾರಾಗಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಲ್ಲಿ 7 ನಿಮಿಷ 43.80 ಸೆಕೆಂಡ್ ಮಾಡ್ತು, ಅದೇ ಕಾರಲ್ಲಿ ದೊಡ್ಡ ಡಿಕ್ಕಿ, ನಾಲ್ಕು ಜನಕ್ಕೆ ಆರಾಮಾದ ಜಾಗ, ಕಂಫರ್ಟ್ ಮೋಡಲ್ಲಿ ಮೆತ್ತಗಾಗೋ ಡ್ಯಾಂಪರು. ಕೊರತೆ ಅಂದ್ರೆ 20 ಇಂಚಿನ ಚಕ್ರಕ್ಕೆ 245/30 ಟೈರು, ಸೈಡ್‌ವಾಲ್ ತೀರಾ ತೆಳು, ಗುಂಡಿ ರೋಡಲ್ಲಿ ರಿಮ್ಮಿಗೇ ಏಟು. ಮುಂದಿನ ಎಫ್‌ಎಲ್5ನಲ್ಲಿ ಹೋಂಡಾದವರೇ 19 ಇಂಚಿಗೆ ಇಳಿಸಿದ್ರು. ಎಫ್‌ಕೆ8 ತಗೊಂಡೋರು 18 ಇಂಚಿನ ಚಕ್ರಕ್ಕೆ ಹೋಗೋದು ನೋಡೋಕೆ ಚಿಕ್ಕದು ಅನಿಸಬಹುದು, ದಿನಾ ಓಡಿಸೋರಿಗೆ ಅದಕ್ಕಿಂತ ಒಳ್ಳೆ ಬದಲಾವಣೆ ಇಲ್ಲ. ಇದು ಮ್ಯಾನ್ಯುಯಲ್ ಮಾತ್ರ, ದಿನಕ್ಕೆ ಎರಡು ಗಂಟೆ ನಿಂತು ನಿಂತು ಹೋಗೋ ದಾರಿ ನಿಮ್ಮದಾದ್ರೆ ಎಡಗಾಲನ್ನೂ ಕೇಳಿ ನಿರ್ಧಾರ ಮಾಡಿ.

ಟೊಯೋಟಾ ಜಿಆರ್ ಯಾರಿಸ್ 2020ರಲ್ಲಿ ಬಂದಿದ್ದು, 1.6 ಲೀಟರ್ ಮೂರು ಸಿಲಿಂಡರ್ ಟರ್ಬೋ, ಆಲ್ ವೀಲ್ ಡ್ರೈವ್, ರ್‍ಯಾಲಿಗೋಸ್ಕರ ಹುಟ್ಟಿದ ಕಾರು. ಓಡಿಸೋರಿಗೆ ಹಬ್ಬ, ಹಿಂದೆ ಕೂರೋರಿಗೆ ಕಷ್ಟ, ಎರಡೇ ಬಾಗಿಲು, ಇಳಿಜಾರು ರೂಫು. ಮಕ್ಕಳಿಲ್ಲದೋರಿಗೆ ಸರಿ.

ಯುರೋಪಿನ ಹಳೇ ಆಸೆಗಳ ಬಗ್ಗೆ ಒಂದೇ ಮಾತು. ಬಿಎಂಡಬ್ಲ್ಯು ಇ46 ಎಂ3 ಆದ್ರೆ ಹಿಂದಿನ ಸಬ್‌ಫ್ರೇಮ್ ಕೂರೋ ಜಾಗದಲ್ಲಿ ಬಿರುಕು ಮತ್ತೆ ರಾಡ್ ಬೇರಿಂಗ್ ಸವೆಯೋದು, ಪೋರ್ಷೆ 911ರ 996 ತಲೆಮಾರಾದ್ರೆ ಐಎಂಎಸ್ (ಎಂಜಿನ್ ಒಳಗಿನ ನಡುವಿನ ಶಾಫ್ಟ್) ಬೇರಿಂಗ್ ಕೆಡೋದು. ಈ ಕೆಲಸ ಮುಗಿದಿರೋದಕ್ಕೆ ದಾಖಲೆ ಇದ್ರೆ ಇವೆರಡೂ ಡೈಲಿಯಾಗಿ ಚೆನ್ನಾಗೇ ನಡೆಯತ್ತೆ, ಇಲ್ಲದಿದ್ರೆ ಆ ಖರ್ಚು ಸೇರಿಸಿಯೇ ಬೆಲೆ ಮಾತಾಡಿ.

ಎರಡು ಕಾರು

ನಿಲ್ಲಿಸೋಕೆ ಜಾಗ ಇದ್ರೆ ನಾನು ಇದನ್ನೇ ಹೇಳೋದು. ಒಂದು ಬೇಜಾರಿನ, ಕೆಡದ ಕಾರು ದಿನಾ ಓಡಾಡೋಕೆ, ಇನ್ನೊಂದು ನಿಮ್ಮ ಮನಸ್ಸಿಗೆ. ಹೀಗೆ ಮಾಡಿದಾಗ ಪ್ರಾಜೆಕ್ಟ್ ಕಾರಿಗೂ ಒಳ್ಳೇದೇ. ಟರ್ಬೋ ಎಂಜಿನ್‌ನಲ್ಲಿ ಕೂಲೆಂಟ್ ಐದಾರು ನಿಮಿಷಕ್ಕೆ ಬಿಸಿಯಾದ್ರೂ ಆಯಿಲ್ ಬಿಸಿಯಾಗೋಕೆ ಇನ್ನೂ ಹೊತ್ತು ಬೇಕು, ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸೋದೇ ದಿನಾ ಆದ್ರೆ ಪೆಟ್ರೋಲ್ ಆಯಿಲ್‌ಗೆ ಬೆರೆತು ಅದನ್ನ ತೆಳು ಮಾಡತ್ತೆ, ನೀರಿನಂಶ ಆರಿ ಹೋಗಲ್ಲ. ಬಿಲ್ಡ್ ಮಾಡಿದ ಎಂಜಿನ್‌ಗೆ ಅದಕ್ಕಿಂತ ಕೆಟ್ಟ ಬಳಕೆ ಇಲ್ಲ. ಇನ್ನೊಂದು ಲಾಭ, ಭಾನುವಾರ ಬಿಚ್ಚಿದ್ದನ್ನ ಸೋಮವಾರ ಬೆಳಿಗ್ಗೆಯೊಳಗೆ ಜೋಡಿಸಲೇಬೇಕು ಅನ್ನೋ ಒತ್ತಡ ಇರಲ್ಲ, ಕೆಲಸ ನಿಧಾನಕ್ಕೆ ಸರಿಯಾಗಿ ಆಗತ್ತೆ. ಆದ್ರೆ ಎರಡು ಇನ್ಶೂರೆನ್ಸು, ಎರಡು ಸೆಟ್ ಟೈರು, ಬಳಸದೆ ನಿಂತ ಕಾರಿನ ಬ್ಯಾಟರಿ, ಈ ಲೆಕ್ಕ ಮೊದಲೇ ಹಾಕ್ಕೊಳ್ಳಿ.

ಬೇರೆಯವರು ಮಾಡಿಫೈ ಮಾಡಿದ್ದನ್ನೇ ತಗೋತೀನಿ ಅಂದ್ರೆ

ಪಾರ್ಟ್ಸ್ ಪಟ್ಟಿ ನೋಡಿ ಮರುಳಾಗ್ಬೇಡಿ, ಜೋಡಿಸಿದ್ದು ಯಾರು, ಟ್ಯೂನ್ ಮಾಡಿದ್ದು ಯಾರು ಅಂತ ಕೇಳಿ. ಕಂಪ್ರೆಷನ್ ಟೆಸ್ಟ್ (ಎಂಜಿನ್ ಒಳಗಿನ ಒತ್ತಡ ಅಳೆಯೋದು) ಜೊತೆ ಲೀಕ್ ಡೌನ್ ಟೆಸ್ಟೂ (ಅದು ಎಷ್ಟು ಸೋರತ್ತೆ ಅಂತ ನೋಡೋದು) ಮಾಡಿಸಿ, ರೋಟರಿಯಾದ್ರೆ ರೋಟರಿಗಂತಲೇ ಇರೋ ಟೆಸ್ಟರ್ ಬೇಕು, ಒಂದೊಂದು ರೋಟರ್‌ನ ಮೂರೂ ಮುಖದ ಅಳತೆ ಬರಬೇಕು. ಮ್ಯಾಪ್ ಯಾವ ಪೆಟ್ರೋಲ್‌ಗೆ ಮಾಡಿದ್ದು ತಿಳ್ಕೊಳ್ಳಿ, ನೀವು ದಿನಾ ಹಾಕ್ಸೋ ಬಂಕ್‌ನಲ್ಲಿ ಆ ಆಕ್ಟೇನ್ ಸಿಗ್ದಿದ್ರೆ ಆ ಕಾರು ನಿಮಗಲ್ಲ. ಇಸಿಯು (ಎಂಜಿನ್ ಕಂಪ್ಯೂಟರ್) ಲಾಕ್ ಆಗಿದ್ರೆ ಪಾಸ್‌ವರ್ಡ್ ಯಾರ ಹತ್ರ ಇದೆ ಕೇಳಿ, ಇಲ್ಲಾಂದ್ರೆ ಮುಂದೆ ಒಂದು ಸೆನ್ಸರ್ ಬದಲಿಸಿದ್ರೂ ಶುರುವಿಂದ ಟ್ಯೂನ್ ಮಾಡಿಸ್ಬೇಕು. ಡ್ಯಾಶ್ ಕೆಳಗೆ ಟಾರ್ಚ್ ಹಾಕಿ ನೋಡಿ, ವೈರುಗಳನ್ನ ತಿರುಚಿ ಟೇಪ್ ಸುತ್ತಿದ್ರೆ ಎಂಜಿನ್ ಕೆಲಸವೂ ಹಾಗೇ ಆಗಿರತ್ತೆ. ಬಿಚ್ಚಿದ ಸ್ಟಾಕ್ ಭಾಗಗಳನ್ನ ಡಬ್ಬದಲ್ಲಿ ಜೋಪಾನ ಮಾಡಿ ಇಟ್ಟಿರೋ ಓನರ್ ಸಿಕ್ಕಿದ್ರೆ ಅರ್ಧ ನಂಬಿಕೆ ಅಲ್ಲೇ ಬರತ್ತೆ.

ನಿಮ್ಮ ಕಡೆಯ ಕಾನೂನು, ಎಮಿಷನ್ ಟೆಸ್ಟ್ ನಿಯಮ ಮೊದಲೇ ಓದಿ, ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದಿರೋ ಕಾರು ಎಷ್ಟೋ ಕಡೆ ರೋಡಿಗೇ ಇಳಿಯೋ ಹಾಗಿಲ್ಲ. ಮಾಡಿಫಿಕೇಷನ್ ಇನ್ಶೂರೆನ್ಸ್‌ನವರಿಗೆ ಹೇಳದೇ ಮುಚ್ಚಿಟ್ರೆ ಕ್ಲೇಮ್ ಹೊತ್ತಲ್ಲಿ ಕೈ ಎತ್ತಿಬಿಡಬಹುದು, ಅದಕ್ಕೇ ಎಲ್ಲಾ ಬರೆದು ತಿಳಿಸಿ.

ಕಾರು ಒಂದೇ ಅಂತ ತೀರ್ಮಾನ ಆಗಿದ್ರೆ ಸ್ಟಾಕ್ ತಗೊಂಡು ಈ ಕ್ರಮದಲ್ಲಿ ಹೋಗಿ. ಮೊದಲು ಒಳ್ಳೆ ರೋಡ್ ಟೈರು ಮತ್ತು ಸರಿಯಾದ ಅಲೈನ್‌ಮೆಂಟು. ಆಮೇಲೆ ಹೊಸ ಬ್ರೇಕ್ ಫ್ಲೂಯಿಡ್ ಜೊತೆ ತಣ್ಣಗಿದ್ದಾಗಲೂ ಹಿಡಿಯೋ ಒಂದು ದರ್ಜೆ ಮೇಲಿನ ಪ್ಯಾಡು. ಇಷ್ಟಕ್ಕೇ ನಿಲ್ಲಿಸಿ ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ಓಡಿಸಿ. ಅದಾದ ಮೇಲೂ ಕಾರು ತಿರುವಲ್ಲಿ ತೇಲಾಡತ್ತೆ ಅನಿಸಿದ್ರೆ ಡ್ಯಾಂಪರ್. ರೀಮ್ಯಾಪ್ ಎಲ್ಲಕ್ಕಿಂತ ಕೊನೆಗೆ, ಅದೂ ವಾರಂಟಿ ಮುಗಿದ ಮೇಲೆ, ಪ್ಲಗ್ಗು, ಕಾಯಿಲ್ಲು, ಆಯಿಲ್ಲು ಹೊಸದು ಹಾಕಿಸಿ.